ಜೇಬು ತಡಕುವವನು

ಇಂಧನ ಡಿಪೋದ ಬಾಗಿಲಲ್ಲಿ ನಮ್ಮಂಥ ಪೆಟ್ರೋಲ್ ವ್ಯಾಪಾರಿಗಳ ಜೇಬು ತಡಕುವ ಕಾವಲುಗಾರನಿಗೆ ನಾವಿಟ್ಟ ಹೆಸರು ಬೆಂಕಿಪೊಟ್ಟಣ ಮಾವ. ಒಂದು ಕಡ್ಡಿ ಸಿಕ್ಕರೂ ಮಂತ್ರಿಯನ್ನೇ ಹೊರಗೆ ನಿಲ್ಲಿಸುವ ಆಸಾಮಿ. "ನಿನ್ನೆ ತಾನೇ ನೋಡಿದ್ರಲ್ಲ ಮಾವ?" ಎಂದರೆ, "ನಿನ್ನೆ ನೋಡಿದ್ದು ನಿನ್ನೆಯ ಜೇಬು, ಸಾವ್ಕಾರ್ರೇ" ಅನ್ನುತ್ತಿದ್ದ. ಕಚಗುಳಿಯಾಗಿ ನಕ್ಕರೆ ಮತ್ತೆ ಮೊದಲಿಂದ ಶುರು. ಬೇರೆ ಮನೆ ಮಾಡಿ ಮಾತು ಬಿಟ್ಟ ತನ್ನ ಮಗ ಟ್ಯಾಂಕರ್ ತಂದಾಗ ಮಾತ್ರ ಮಾವ ಜೇಬಿಗಿಂತ ಅವನ ಬೆನ್ನನ್ನೇ ಹೆಚ್ಚು ಸವರುತ್ತಿದ್ದ. ಮೊನ್ನೆ ಹೊಸ ಪೈಪ್‌ಲೈನಿನ ಜೊತೆ ಬಾಗಿಲಿಗೆ ತಪಾಸಣೆ ಯಂತ್ರವೂ ಬಂತು. ಇನ್ನು ಯಾರನ್ನೂ ಮುಟ್ಟಬೇಡವೆಂದು ಸಾಹೇಬರ ಅಪ್ಪಣೆ. ಮಾವ ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಯಂತ್ರ ದಾಟಿದ ಮಗ ನೆಟ್ಟಗೆ ಬಂದು ಅವನೆದುರು ಎರಡೂ ತೋಳೆತ್ತಿ ನಿಂತ: "ಅದಕ್ಕೇನು ಗೊತ್ತಾಗುತ್ತೆ? ನೀನೇ ಒಂದ್ಸಲ ನೋಡಿಬಿಡಪ್ಪ."