ಹದ ನೋಡಿದ ಕೈ

ತಾವರಗೇರಾದ ಹುಲಿಗವ್ವ ಹಲಗಿಯನ್ನು ಎಂದೂ ಬಾರಿಸಿದವಳಲ್ಲ. ಬಾರಿಸುವವನು ಅವಳ ಗಂಡ ಲಕ್ಷ್ಮಣಪ್ಪ. ಅವಳದು ಕಾಯಿಸುವ ಕೆಲಸ. ಒಣ ಎಲೆ-ರವದಿ ಗುಡ್ಡೆ ಹಾಕಿ ಬೆಂಕಿ ಹಚ್ಚಿ, ಹಲಗಿಯ ಚರ್ಮವನ್ನು ಉರಿಗೆ ಹಿಡಿದು ಸುತ್ತಲೂ ತಿರುಗಿಸಿ, ಬಿಗಿಯಾಯಿತೋ ಇಲ್ಲವೋ ಎಂದು ತಿಳಿಯಲಿಕ್ಕೆ ಒಂದೇ ಒಂದು ಪೆಟ್ಟು ಕೊಡುವಳು. ಕೊಟ್ಟು ಕಿವಿ ಆನಿಸಿ ಕೂಡುವಳು. ಆ ನಾದ ಪೂರ್ತಾ ಅಡಗಿದ ಮೇಲೆ ಇನ್ನೊಂದು. ಹೆಂಗಸರು ಹಲಗಿ ಬಾರಿಸಬಾರದು ಎಂಬುದು ಕೇರಿಯ ರೂಢಿ. ಹದ ನೋಡುವುದಕ್ಕೆ ಮಾತ್ರ ಯಾರ ತಕರಾರೂ ಇರಲಿಲ್ಲ. ಹದ ನೋಡುವುದೇನು ಬಾರಿಸುವುದೇ? ಬಿಡಿ ಪೆಟ್ಟಿಗೆ ಅರ್ಥವಿಲ್ಲ. ಪೆಟ್ಟಿಗೆ ಪೆಟ್ಟು ಕೂಡಿದಾಗಲೇ ಅದು ಮದುವೆಯದು, ದೇವರದು, ಸಾವಿನದು ಎಂದು ಆಗುವುದು.

ಲಕ್ಷ್ಮಣಪ್ಪ ತೀರಿಕೊಂಡದ್ದು ತೊಂಬತ್ತೇಳರ ಮಳೆಗಾಲದಲ್ಲಿ. ಗೋವಿಂದರಾಜ ಸಾವ್ಕಾರನ ತಾಯಿ ಸತ್ತಿದ್ದಳು. ದೊಡ್ಡವರ ಮನೆಯಿಂದ ಹೆಣ ಎದ್ದರೆ ಅದರ ಮುಂದೆ ಕೇರಿಯ ಗಂಡಸರು ಹಲಗಿ ಬಡಿಯುತ್ತ ನಡೆಯಬೇಕು, ಬರುತ್ತೀರೇನು ಎಂದು ಕೇಳುವ ಪದ್ಧತಿಯೇ ಇರಲಿಲ್ಲ. ಲಕ್ಷ್ಮಣಪ್ಪನಿಗೆ ಚಳಿಜ್ವರ ಬಂದು ಹಲ್ಲು ಕಟಕಟ ಅನ್ನುತ್ತಿದ್ದವು. ಆದರೂ ಹೋದ. ಜಿಟಿಜಿಟಿ ಮಳೆಗೆ ಚರ್ಮ ತೊಯ್ದು ಹಲಗಿ ಸಪ್ಪಗಾಯಿತು. “ಒಂದೀಟು ಕಾಯಿಸ್ಕೊಂಡು ಬರ್ತೀನ್ರಿ ಸಾವ್ಕಾರ” ಎಂದ. “ನಮ್ಮವ್ವನ ಹೆಣ ಅಂಗಳದಾಗ ಐತಿ, ನಿನಗ ಮೈ ಕಾಸೂ ಚಟ ಹತ್ತೇತೇನಲೇ?” ಎಂದ ಸಾವ್ಕಾರ. ಮುಂಜಾನೆಯಿಂದ ಸಂಜೆತನಕ ಮಳೆಯಲ್ಲಿ ನಿಂತು ಬಡಿದ. ಮನೆಗೆ ಬಂದವನು ಮತ್ತೆ ಹಾಸಿಗೆ ಬಿಟ್ಟು ಏಳಲಿಲ್ಲ.

ಅವನನ್ನು ಮಣ್ಣು ಮಾಡಿ ಬಂದ ದಿನವೇ ಹುಲಿಗವ್ವ ದುರಗವ್ವನ ಗುಡಿಯ ಮುಂದೆ ಹೋಗಿ ಕುಳಿತಳು. ಮಗ ಅಯ್ಯಪ್ಪ ಇನ್ನೂ ಸಾಲಿಗೆ ಹೋಗುವ ಕೂಸು, ಮಗಳು ಲಲಿತಾ ಅವನಿಗಿಂತ ಸ್ವಲ್ಪ ದೊಡ್ಡವಳು. ಎರಡನ್ನೂ ಮುಂದೆ ಕೂಡಿಸಿಕೊಂಡು, “ಇನ್ನ ಮ್ಯಾಲೆ ದೊಡ್ಡವರ ಹೆಣದ ಮುಂದ ಬಡಕೋಂತ ಹೋಗಾಂವ ಯಾವನಾರ ಇದ್ರ, ಮೊದಲ ಈ ಎರಡು ಮಕ್ಕಳ ಮಾರಿ ನೋಡಿ ಹೋಗ್ರಿ” ಎಂದಳು. ಕೇರಿಯ ಹಿರಿಯ ಕುಬೇರಪ್ಪ ದೇವಿಯ ಅರಿಶಿನ-ಭಂಡಾರದ ತಟ್ಟೆ ತರಿಸಿದ. ಗಂಡಸರೆಲ್ಲ ಭಂಡಾರ ಮುಟ್ಟಿ ಆಣೆ ಮಾಡಿದರು: ಮದುವೆಗೆ, ದೇವರಿಗೆ ಬಡಿಯುತ್ತೇವೆ, ದೊಡ್ಡವರ ಸಾವಿಗೆ ಬಡಿಯುವುದಿಲ್ಲ.

ಆ ವರ್ಷ ಊರಿನ ಹೊಲಗಳಲ್ಲಿ ಕೇರಿಯವರಿಗೆ ಕೂಲಿ ಸಿಗಲಿಲ್ಲ. ಬುತ್ತಿ ಕಟ್ಟಿಕೊಂಡು ಸಿದ್ದಾಪುರದ ಕಡೆ, ಕಾಲುವೆ ನೀರಿನ ಗದ್ದೆಗಳಿಗೆ ನೆಲ್ಲು ಹಚ್ಚಲು ಹೋದರು. ಕೆಸರಲ್ಲಿ ನಿಂತು ಕಾಲ ಬೆರಳ ಸಂದಿ ಕೊಳೆತವು. ಆದರೆ ಆಣೆ ಮುರಿಯಲಿಲ್ಲ. ವೆಂಕೋಬ ಎಂಬವನಿದ್ದ, ಲಕ್ಷ್ಮಣಪ್ಪ ಹೋದ ಮೇಲೆ ಅವನದೇ ಛಲೋ ಕೈ. ಸಾವಿನ ಮನೆಯವರು ಕರೆದಾಗಲೆಲ್ಲ ಅವನು, “ಹುಲಿಗವ್ವನ್ನ ಕೇಳ್ರಿ, ಆಕಿ ಹ್ಞೂಂ ಅಂದ್ರ ಬರ್ತೀನಿ” ಎನ್ನುತ್ತಿದ್ದ. ಕರೆಯಲು ಬಂದವರು ಅವಳ ಬಾಗಿಲಿಗೆ ಬಾರದೆ ಹಾಗೇ ತಿರುಗಿ ಹೋಗುತ್ತಿದ್ದರು. ಹುಲಿಗವ್ವನಿಗೆ ಹೊಲ ಇರಲಿಲ್ಲ, ಗಟ್ಟಿ ಮನೆ ಇರಲಿಲ್ಲ. ಊರಲ್ಲಿ ತಲೆಯೆತ್ತಿ ನಡೆಯಲು ಅವಳಿಗಿದ್ದದ್ದು ಆ ಆಣೆ ಒಂದೇ.

ಅಯ್ಯಪ್ಪ ದೊಡ್ಡವನಾಗಿ ಕುಷ್ಟಗಿಯ ಒಂದು ಮೈಕ್ ಅಂಗಡಿಯಲ್ಲಿ ಕೆಲಸ ಕಲಿತ. ಬರುವಾಗ ಯಾರೋ ಬಳಸಿ ಬಿಟ್ಟ ಕಂಪ್ಯೂಟರು, ಒಂದು ಮೈಕು, ಒಂದು ಕೀಬೋರ್ಡು ತಂದ. ಕಾಳು ಇಡುವ ಕೋಣೆ ಖಾಲಿ ಮಾಡಿ, ಸದ್ದು ಗೋಡೆಗೆ ಬಡಿದು ತಿರುಗಬಾರದು ಎಂದು ಅವ್ವ ಹೊಲಿದ ಕೌದಿಗಳನ್ನೆಲ್ಲ ಸುತ್ತ ತೂಗುಹಾಕಿದ. “ಹಾಸಾಕ ಒಂದಾರ ಬಿಡಪಾ, ಗ್ವಾಡಿಗೇನು ಚಳಿ ಹತ್ತೇತಿ?” ಎಂದು ಅವಳು ಬೈದಳು. ಆ ಕಂಪ್ಯೂಟರಿನೊಳಗೆ ಪಿಟೀಲು, ಶಹನಾಯಿ, ತಬಲಾ ಎಲ್ಲ ಇದ್ದವು. ಎಲ್ಲೋ ಯಾರೋ ಬಾರಿಸಿದ್ದನ್ನು ಚೂರು ಚೂರಾಗಿ ಹಿಡಿದಿಟ್ಟಿದ್ದರು. ಕೀಬೋರ್ಡಿನ ಒಂದೊಂದು ಕೀಲಿ ಒತ್ತಿದರೆ ಒಂದೊಂದು ಚೂರು ನುಡಿಯುವುದು, ಅವನ್ನು ಪರದೆಯ ಮೇಲೆ ಬೇಕಾದಂತೆ ಜೋಡಿಸಿದರೆ ಹಾಡಿಗೆ ಮೇಳ ಆಗುವುದು. ಭಜನೆಯವರು, ಸೋಬಾನೆಯವರು ಬಂದು ಹಾಡಿ, ತಮ್ಮ ದನಿಯ ಹಿಂದೆ ಇಡೀ ಮೇಳ ಕೇಳಿ ಬೆರಗಾಗಿ ಹೋಗುತ್ತಿದ್ದರು. ಹಲಗಿ ಒಂದು ಮಾತ್ರ ಅದರಲ್ಲಿ ಇರಲಿಲ್ಲ. ಇದ್ದದ್ದು ಯಾವುದೋ ಪರದೇಶದ ಡೋಲು, ತಗಡು ಬಡಿದಂತೆ ಕೇಳುತ್ತಿತ್ತು.

“ಯವ್ವಾ, ಅಪ್ಪನ ಹಲಗಿ ಕಾಯಿಸಿ ಒಂದು ಪೆಟ್ಟು ಕೊಡು” ಎಂದ ಒಂದು ದಿನ.

“ಹುಚ್ಚಾ, ನಾ ಬಾರಸಾಕ ಆಕ್ಕೈತೇನು? ವೆಂಕೋಬನ್ನ ಕರಿ.”

“ಕರದಿದ್ದೆ. ಒಂದು ಕೊಡು ಕಾಕಾ ಅಂದ್ರ ನಾಕು ಕೊಡ್ತಾನ. ಅವನ ಕೈ ನಿಂದ್ರೂದ ಇಲ್ಲ, ಓಡಿ ಹೋಕ್ಕೈತಿ. ನೀ ಹದ ನೋಡೂ ಹಂಗ ಕೊಡು, ಅಷ್ಟ ಸಾಕು.”

“ಸಾವಿಂದಕ್ಕ ಹಚ್ಚೂದಿಲ್ಲಲ್ಲ?”

“ಬರೇ ಬಿಡಿ ಪೆಟ್ಟು ಯವ್ವಾ. ಅದರಾಗ ಸಾವೆಲ್ಲಿಂದ ಬಂತು, ಮದವಿ ಎಲ್ಲಿಂದ ಬಂತು?”

ಅದು ಅವಳಿಗೂ ಗೊತ್ತಿದ್ದ ಮಾತೇ. ಒಪ್ಪಿದಳು.

ಮೈಕಿನ ಮುಂದೆ ದಪ್ಪ ಕೋಲಿನ ಪೆಟ್ಟು ಮೆಲ್ಲಗೆ, ಜೋರಾಗಿ, ಅಂಚಿಗೆ, ನಡುವಿಗೆ. ಆಮೇಲೆ ಎಡಗೈಯ ಸಣ್ಣ ಕಡ್ಡಿಯದು. ಒಂದೊಂದು ಪೆಟ್ಟಿಗೂ ನಾದ ಅಡಗುವತನಕ ತಾಯಿ ಮಗ ಉಸಿರು ಬಿಗಿಹಿಡಿದು ಕೂಡುವರು. ಅವಳ ಬಲಗೈ ಕಿರುಬೆರಳು ಎಂದೋ ಕಲ್ಲಿಗೆ ಸಿಕ್ಕಿ ಸೊಟ್ಟಗಾಗಿತ್ತು. ಜೋರು ಪೆಟ್ಟು ಕೊಟ್ಟಾಗ ಅದು ಚರ್ಮಕ್ಕೆ ತಾಗಿ ಕೊನೆಯಲ್ಲಿ ಸಣ್ಣಗೆ ಕಿರ್ ಎನ್ನುತ್ತಿತ್ತು. “ಇರಲಿ ಬಿಡು, ಅದ ಛಂದ ಐತಿ” ಎಂದ ಮಗ. ಪಕ್ಕದ ಮನೆಯ ಕರಿಯವ್ವ ಹೊರಗಿನಿಂದ, “ಏನಬೇ ಹುಲಿಗಿ, ತಾಯಿ ಮಗ ಬಾಗಲಾ ಹಾಕ್ಕೊಂಡು ಬೆಲ್ಲಾ ತಿನ್ನಾಕತ್ತೀರೇನು?” ಎಂದು ಕೂಗಿದಳು. “ಅದೂ ಹೋತು, ಇನ್ನೊಮ್ಮೆ!” ಎಂದು ಅಯ್ಯಪ್ಪ ತಲೆ ಚಚ್ಚಿಕೊಂಡ. ಹುಲಿಗವ್ವ ನಕ್ಕಳು. ಗಂಡ ಹೋದ ಮೇಲೆ ಆ ಹಲಗಿ ಮುಟ್ಟಿ ನಕ್ಕದ್ದು ಅದೇ ಮೊದಲು.

ಆ ಕೋಣೆಗೆ ಸುಭಾಷನೂ ಬರುತ್ತಿದ್ದ. ಅವನು ಗೋವಿಂದರಾಜ ಸಾವ್ಕಾರನ ಮಗ, ಹಾಡಿನ ಹುಚ್ಚಿನವನು. ಕೌದಿಯ ಮೇಲೆ ಕಾಲು ಮಡಚಿ ಕುಳಿತು, ಅಯ್ಯಪ್ಪನ ಹೆಗಲ ಮೇಲೆ ಕೈ ಹಾಕಿ, “ಯವ್ವಾ, ನಿನ್ನ ಕೈಯಾಗಿನ ಚಾ ನಮ್ಮ ಮನ್ಯಾಗೂ ಹಿಂಗ ಆಗೂದಿಲ್ಲ ನೋಡು” ಎನ್ನುತ್ತಿದ್ದ. ಆ ಮನೆತನದವರು ಕೇರಿಯಲ್ಲಿ ನೀರು ಕುಡಿದದ್ದನ್ನು ಕಂಡವರಿರಲಿಲ್ಲ. ಹುಲಿಗವ್ವ ಲೋಟ ತೊಳೆಯುವಾಗ ಒಮ್ಮೊಮ್ಮೆ, ಲಕ್ಷ್ಮಣಪ್ಪ ಇದನ್ನು ನೋಡಬೇಕಿತ್ತು ಅಂದುಕೊಳ್ಳುವಳು.

ಮುಂದೆ ಗೋವಿಂದರಾಜ ಸಾವ್ಕಾರ ಸತ್ತ. ಹಲಗಿ ಬಡಿಯಲು ಕೇರಿಯವರು ಬರಲಿಲ್ಲ, ಬೇರೆ ಊರಿನವರೂ ಒಪ್ಪಲಿಲ್ಲ. ಸುಭಾಷ ಅಯ್ಯಪ್ಪನಿಗೆ ಫೋನು ಮಾಡಿ ಅತ್ತ. “ಯಾರನ್ನೂ ಕಳಸಬ್ಯಾಡಲೇ ದೋಸ್ತ. ನಿನ್ನ ಕಂಪ್ಯೂಟರದಾಗ ಹಲಗಿ ಐತೆಲ್ಲ, ಅಷ್ಟ ಮಾಡಿ ಕೊಡು. ನಮ್ಮಪ್ಪ ಮೂಕ ಹೋಗಬಾರದು.” ಅಯ್ಯಪ್ಪನಿಗೆ ಆ ಬಡಿತದ ಸಾಲು ಗೊತ್ತಿತ್ತು. ಕೇರಿಯಲ್ಲಿ ತಮ್ಮವರು ಸತ್ತಾಗ ಬಡಿಯುವುದನ್ನು ಕೇಳಿಯೇ ಬೆಳೆದವನು. ಅವ್ವ ಕೂಲಿಗೆ ಹೋಗಿದ್ದಳು. ಬಿಡಿ ಪೆಟ್ಟುಗಳನ್ನು ಪರದೆಯ ಮೇಲೆ ಒಂದರ ಪಕ್ಕ ಒಂದು ಇಟ್ಟು, ಪೆನ್ ಡ್ರೈವಿಗೆ ತುಂಬಿ ಕೊಟ್ಟ.

ಹುಲಿಗವ್ವ ಹತ್ತಿ ಬಿಡಿಸುತ್ತಿದ್ದಾಗ ಊರ ಕಡೆಯಿಂದ ಬಡಿತ ಕೇಳಿತು. ಯಾವನೋ ಆಣೆ ಮುರಿದ ಅಂದುಕೊಂಡು, ಉಡಿಯಲ್ಲಿನ ಹತ್ತಿ ಚೆಲ್ಲುತ್ತಿದ್ದರೂ ನೋಡದೆ ಓಡಿದಳು. ಹಿಂದೆ ಕರಿಯವ್ವ. ರಸ್ತೆಗೆ ಬಂದು ನೋಡಿದರೆ ಹೆಣದ ಮುಂದೆ ಯಾರೂ ಇಲ್ಲ. ಒಂದು ಟ್ರ್ಯಾಕ್ಟರು, ಅದರ ಮೇಲೆ ಆಳೆತ್ತರದ ಸ್ಪೀಕರ್ ಡಬ್ಬಿಗಳು.

“ಹಾಡಿನ ಮಷೀನು ಬಿಡಬೇ, ನಾ ಯಾರೋ ಹೋಗ್ಯಾನ ಅಂದಿದ್ದೆ” ಎಂದು ಕರಿಯವ್ವ ಸಮಾಧಾನದ ಉಸಿರು ಬಿಟ್ಟಳು.

ಹುಲಿಗವ್ವ ಕಿವಿಗೊಟ್ಟಳು. ಪ್ರತಿ ಜೋರು ಪೆಟ್ಟಿನ ಕೊನೆಗೆ ಕಿರ್ ಎನ್ನುತ್ತಿತ್ತು. ಗಂಡನನ್ನು ತಿಂದ ಮನೆಯ ಹೆಣದ ಮುಂದೆ ಅವಳ ಬೆರಳು ನಡೆದಿತ್ತು.

ಮರುದಿನ ಗುಡಿಯ ಕಟ್ಟೆಗೆ ಕೇರಿ ಕೂಡಿತು. ಕುಬೇರಪ್ಪನಿಗೆ ಆಗ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. “ಯಾರು ಬಡದವರು?” ಎಂದು ಕೇಳಿದ.

“ಯಾರ ಕೈಯೂ ಬಡದಿಲ್ಲ ಮುತ್ಯಾ, ಕಂಪ್ಯೂಟರ್ ಬಡದೈತಿ” ಎಂದ ಅಯ್ಯಪ್ಪ. “ಹೆಣದ ಮುಂದ ನಮ್ಮವರು ಒಬ್ಬರೂ ನಡದಿಲ್ಲ. ಆಣಿ ಹೆಂಗ ಮುರದಂಗಾತು?”

“ಹಂಗಾರ ಅವತ್ತು ಕಂಪ್ಯೂಟರಿನ ಕಡಿಂದನೂ ಭಂಡಾರ ಮುಟ್ಟಿಸಬೇಕಿತ್ತು, ತಪ್ಪಾತು ನೋಡಪಾ” ಎಂದ ವೆಂಕೋಬ. ಕೆಲವರು ನಕ್ಕರು. ವೆಂಕೋಬ ನಗಲಿಲ್ಲ. “ಅಲ್ಲೋ, ನಮ್ಮ ಮಂದಿ ಕೆಸರಾಗ ಕಾಲು ಕೊಳಸ್ಕೊಂಡ್ರು, ಬಡಿಯಾಕ ಹೋಗಲಿಲ್ಲ. ನೀ ಮನ್ಯಾಗ ಕುಂತು ಬಡದು ಕಳಿಸಿದಿ. ಇನ್ನ ನಮ್ಮ ಕೈ ಯಾಕ ಕಟ್ಟೀರಿ? ಬಿಟ್ಟುಬಿಡ್ರಿ ಆಣಿ. ಮಷೀನು ಹೋಗೂ ದಾರಿಗೆ ನಾವೂ ಹೋಕ್ಕೀವಿ.”

“ಮಷೀನಿನೊಳಗ ಬಡದಾಂವ ಯಾವ ಊರಾಂವ?” ಕುಬೇರಪ್ಪ ಕೇಳಿದ.

ಅಯ್ಯಪ್ಪ ನೆಲ ನೋಡಿದ. ಹೆಂಗಸರ ಸಾಲಿನಿಂದ ಹುಲಿಗವ್ವ ಎದ್ದು ನಿಂತಳು. “ಆಂವ ಅಲ್ಲೋ ಮಾವಾ. ಅದು ನನ್ನ ಕೈ. ಹದ ನೋಡೂ ಪೆಟ್ಟು ಅಂತ ಕೊಟ್ಟಿದ್ದೆ.”

ಆಣೆ ಹಾಕಿಸಿದವಳೇ ಬಡಿದಳು ಎಂದು ಬಯ್ಯಲೂ ಯಾರಿಗೂ ಬಾಯಿ ಬರಲಿಲ್ಲ. ಕುಬೇರಪ್ಪ ಹೇಳಿದ: “ಆಣಿ ಕೇಳಿದಾಕಿ ನೀನ. ಏನ ಮಾಡೂದು ನೀನ ಹೇಳವಾ.”

“ನನ್ನ ಪೆಟ್ಟು ಎಲ್ಲಾ ಅಳಿಸು” ಎಂದಳು ಮಗನಿಗೆ.

“ಯವ್ವಾ, ಎಲ್ಲಾ ಹಾಡಿನಾಗೂ ಅದ ಐತಿ. ಅದು ಹೋದ್ರ ನನ್ನ ಕಡೆ ಏನ ಉಳೀತು?”

“ಅಳಿಸು.”

ಮನೆಗೆ ಬಂದು ಅವಳ ಕಣ್ಣೆದುರೇ ಅಳಿಸಿದ. ಹಾಡುಗಳು ಎಲುಬಿಲ್ಲದ ಮೈಯಂತೆ ಉಳಿದವು. ಮೂರ್ನಾಲ್ಕು ದಿನ ಬಿಟ್ಟು ಅವಳು ಸುಭಾಷನ ಮನೆಗೆ ಹೋದಳು. ತಲೆ ಬೋಳಿಸಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದ. ಒಳಗೆ ಬಾ ಎನ್ನಲಿಲ್ಲ. ಅವಳು ಅಂಗಳದಲ್ಲೇ ನಿಂತು, “ಸುಭಾಷಪ್ಪಾ, ಆ ಪೆನ್ ಡ್ರೈವ್ ಕೊಡಪಾ” ಎಂದಳು.

“ಅದನ್ನ ತಗೊಂಡು ಏನ ಮಾಡ್ತಿ ಹುಲಿಗವ್ವಾ? ಅವತ್ತ ಮಂದಿ ಎಲ್ಲಾ ತಮ್ಮ ಮೊಬೈಲಿಗೆ ಹಾಕ್ಕೊಂಡಾರ. ಹನುಮಸಾಗರದಾಗ ನಿನ್ನೆ ಒಬ್ಬರ ಮಣ್ಣಿಗೆ ಹಚ್ಚಿದ್ರಂತ, ಕುಷ್ಟಗಿಗೂ ಹೋಗೇತಿ.” ಸ್ವಲ್ಪ ತಡೆದು ಹೇಳಿದ, “ಛಲೋನ ಆತಲ್ಲ? ನಿಮ್ಮ ಮಂದಿ ಮಳ್ಯಾಗ ನಿಂದ್ರೂದು ತಪ್ಪಿತು.”

ಅವನು ಕೆಟ್ಟ ಮನಸ್ಸಿನಿಂದ ಹೇಳಿರಲಿಲ್ಲ. ಅವಳು ಬರಿಗೈಯಲ್ಲಿ ಕೇರಿಯ ದಾರಿ ಹಿಡಿದಳು.

ಅಯ್ಯಪ್ಪ ಕೌದಿಗಳನ್ನು ಗೋಡೆಯಿಂದ ಇಳಿಸಿ ಮಡಚಿಟ್ಟು, ಕಂಪ್ಯೂಟರು ಹೊತ್ತುಕೊಂಡು ಗಂಗಾವತಿಗೆ ಹೋದ. ಫೋನು ಮಾಡಿದರೆ “ಅರಾಮ ಅದೀನಿ” ಎಂದು ಇಟ್ಟುಬಿಡುತ್ತಿದ್ದ. ಕುಬೇರಪ್ಪ ಸತ್ತ ವರ್ಷವೇ ವೆಂಕೋಬ ಒಂದು ದೊಡ್ಡ ಹೆಣದ ಮುಂದೆ ಬಡಿಯುತ್ತ ನಡೆದ. ಹೋಗುವಾಗ ಹುಲಿಗವ್ವನ ಬಾಗಿಲಲ್ಲಿ ನಿಂತು ಹೇಳಿಯೇ ಹೋದ. “ತಂಗಿ, ಸಿಟ್ಟು ಆಗಬ್ಯಾಡ. ಹೆಂಗೂ ನಿನ್ನ ಕೈ ದಿನಾ ಹೋಗಾಕತ್ತೈತಿ.” ಅವಳು ಹ್ಞೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವನ ಹಿಂದೆ ಇನ್ನಿಬ್ಬರು ಹೋದರು.

ತಾವರಗೇರಾದಲ್ಲಿ ಅವಳಿಗೆ ಕೂಡಲಾಗಲಿಲ್ಲ. ಮಗಳು ಲಲಿತಾಳನ್ನು ಸಿದ್ದಾಪುರಕ್ಕೆ ಕೊಟ್ಟಿದ್ದಳು, ಅಲ್ಲಿಗೆ ಹೋಗಿ ಉಳಿದಳು. ಕಾಲುವೆಗೆ ನೀರು ಬಿಟ್ಟ ಕಾಲ. ಮಗಳ ಜೊತೆ ನೆಲ್ಲು ಹಚ್ಚುವ ಗುಂಪು ಸೇರಿದಳು. ಮುದುಕಿಯಾದರೂ ಸಸಿ ಹಚ್ಚುವ ಕೈ ಮರೆತಿರಲಿಲ್ಲ.

ಒಂದು ಮಧ್ಯಾಹ್ನ ಕಾಲುವೆಯ ದಂಡೆ ಹಿಡಿದು ಯಾರದೋ ಹೆಣ ಬಂತು. ಮುಂದೆ ಟ್ರ್ಯಾಕ್ಟರು, ಅದರ ಸ್ಪೀಕರಿನಲ್ಲಿ ಹಲಗಿ, ಜೋರು ಪೆಟ್ಟಿನ ಕೊನೆಗೆ ಅದೇ ಕಿರ್. ಸಾಲಿನ ಹೆಂಗಸರು ನಡು ನೆಟ್ಟಗೆ ಮಾಡಿ ನೋಡಿದರು.

“ಯಾವ ಊರಾಂವನೋ ಏನೋ, ಕೈ ಭಾಳ ಛಲೋ ಐತಿ” ಎಂದಳು ಪಕ್ಕದವಳು.

“ಅದು ನನ್ನ ಕೈ” ಎಂದಳು ಹುಲಿಗವ್ವ.

ಹೆಂಗಸರು ಕೊಳ್ಳೆಂದು ನಕ್ಕರು. “ಮತ್ತ ಇಲ್ಲ್ಯಾಕ ಕೆಸರಾಗ ನಿಂತೀಬೇ ಆಯಿ? ಹೋಗು, ಟ್ರ್ಯಾಕ್ಟರ ಹತ್ತು!”

“ಯವ್ವಾ, ಸುಮ್ಕಿರು” ಎಂದು ಲಲಿತಾ ಮೆಲ್ಲಗೆ ಗದರಿಸಿದಳು.

ಎಲ್ಲರೂ ಮತ್ತೆ ಬಾಗಿದರು. ಟ್ರ್ಯಾಕ್ಟರು ಮೆಲ್ಲಗೆ ಹೋಗುತ್ತಿತ್ತು. ಸಸಿ ಹಿಡಿದ ಕೈಗಳು ಕೆಸರಿಗೆ ಇಳಿದು ಏಳುತ್ತಿದ್ದವು. ಸ್ವಲ್ಪ ಹೊತ್ತಿಗೆ ಹುಲಿಗವ್ವನ ಗಮನಕ್ಕೆ ಬಂತು, ಸಾಲಿನ ಅಷ್ಟೂ ಕೈಗಳು ಆ ಬಡಿತಕ್ಕೇ ಏಳುತ್ತಿದ್ದವು, ಆ ಬಡಿತಕ್ಕೇ ಇಳಿಯುತ್ತಿದ್ದವು, ಅವಳದೂ. ಬಡಿತ ತಪ್ಪಿಸಿ ಸಸಿ ಊರಲು ನೋಡಿದಳು. ಕೈ ಕೇಳಲಿಲ್ಲ. ಸಸಿಯ ಹಿಡಿ ಎದೆಗೊತ್ತಿಕೊಂಡು ನಿಂತುಬಿಟ್ಟಳು. ಬದುವಿನ ಮೇಲಿಂದ ಮೇಸ್ತ್ರಿ, “ಏ ಆಯಿ, ಸಾಲು ಮುಂದ ಹೋತು ನೋಡು!” ಎಂದು ಕೂಗಿದ. ಸಾಲು ನಿಜವಾಗಿಯೂ ಮುಂದೆ ಹೋಗಿತ್ತು. ಹುಲಿಗವ್ವ ಬಾಗಿದಳು.