ಬೀಗ ಹಾಕಿಕೊಂಡ ಓವನ್ನು

ಯೆಹೂದಿಗಳ ಪೆಸಾಹ್ ಹಬ್ಬಕ್ಕೆ ಮನೆಯಲ್ಲಿ ಹುಳಿಹಿಟ್ಟಿನ ಒಂದು ಚೂರೂ ಉಳಿಯಬಾರದು. ಮಾಂಟ್ರಿಯಲ್‌ನ ನಮ್ಮ ಬೀದಿಯ ಹೆಂಗಸರೆಲ್ಲ ಅಂಗಿಯ ಜೇಬು ಒದರುವ ಹೊತ್ತಿಗೆ ಹೆನ್ಯಾ ಪರ್ಲೋವ್ ಮಂಡಿಯೂರಿ, ಓವನ್ನಿನೊಳಕ್ಕೆ ಅರ್ಧ ಮೈ ತೂರಿಸಿ, ಚಾಕುವಿನ ತುದಿಯಿಂದ ಕರಕಲು ಕೆರೆಯುತ್ತಿರುತ್ತಿದ್ದಳು. ಮದುವೆಯಾಗಿ ಬಂದಂದಿನಿಂದ ಇದೇ ಪಾಡು.

ಈ ಸಲ ಚಳಿಗಾಲದಲ್ಲಿ ಗಂಡ ಜಲ್ಮನ್ ತೀರಿಕೊಂಡ. ಹೆನ್ಯಾಳ ಮಂಡಿಯೂ ಕೈಕೊಟ್ಟಿತ್ತು. "ಅಡುಗೆಮನೆಗೆ ಬೀಗ ಹಾಕಿ ನಮ್ಮಲ್ಲಿಗೇ ಬಾಮ್ಮ" ಎಂದು ಮಗ ಹಟ ಹಿಡಿದ. "ನಾನಿರೋವರೆಗೆ ಹಬ್ಬದೂಟ ಈ ಮೇಜಿನ ಮೇಲೇ" ಎಂದು ಹೆನ್ಯಾ ಅದಕ್ಕಿಂತ ದೊಡ್ಡ ಹಟ ಹಿಡಿದಳು. ಕೊನೆಗೆ ಸೊಸೆ ಗೋಲ್ಡಿ ನಡುವೆ ಬಂದು, ತನ್ನನ್ನು ತಾನೇ ಶುಚಿಮಾಡಿಕೊಳ್ಳುವ ಹೊಸ ಓವನ್ನು ಕೊಡಿಸಿದಳು. ಅತ್ತೆ ಮೈ ನೋಯಿಸಿಕೊಳ್ಳದೆ ಅದನ್ನು ಹಬ್ಬಕ್ಕೆ ಅಣಿಮಾಡಿದರೆ ಊಟ ಇಲ್ಲಿ. ಇಲ್ಲದಿದ್ದರೆ ಮಗನ ಮನೆಯಲ್ಲಿ.

"ನೀವೇನೂ ಮುಟ್ಬೇಡಿ ಅತ್ತೆ. ಗುಂಡಿ ಒತ್ತಿದ್ರೆ ಸಾಕು, ಕುಲುಮೆ ಥರ ಕಾದು ಎಲ್ಲಾ ಬೂದಿ ಮಾಡುತ್ತೆ."

"ತಾನೇ ತೊಳ್ಕೊಳ್ಳುತ್ತಾ? ಹಾಗಿದ್ರೆ ನಿನ್ನ ಗಂಡ ಚಿಕ್ಕೋನಿದ್ದಾಗ ಅವನಿಗೂ ಇಂಥದ್ದೊಂದು ಗುಂಡಿ ಇಡಿಸ್ಬೇಕಿತ್ತು ಕಣೇ."

ಜನ್ಮದಲ್ಲಿ ಮೊದಲ ಸಲ ಹೆನ್ಯಾ ಸೊಸೆಯ ಮಾತನ್ನು ಅಕ್ಷರಶಃ ಪಾಲಿಸಿದಳು. ಏನೂ ಮುಟ್ಟಲಿಲ್ಲ. ಹಿಂದಿನ ವಾರ ಅದರಲ್ಲೇ ಬಾತುಕೋಳಿ ಹುರಿದಾಗ ಸುರಿದ ಕೊಬ್ಬು ತಳದಲ್ಲಿ ಹೆಪ್ಪುಗಟ್ಟಿ ಹಾಗೇ ಇತ್ತು. ತಟ್ಟೆಯೂ ಒಳಗೇ ಇತ್ತು. ಚಳಿಗೆಂದು ಕಿಟಕಿಗೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯೂ ಬಿಗಿಯಾಗಿಯೇ ಇತ್ತು. ಗುಂಡಿ ಒತ್ತಿದಳು. ಬಾಗಿಲು ಕಟಕ್ಕೆಂದು ಬೀಗ ಹಾಕಿಕೊಂಡಿತು.

"ಅಯ್ಯೋ ಇದರ! ನನ್ನಡುಗೆಮನೇಲಿ ನಂಗೇ ಬೀಗವಾ?"

ಆಲೂಗಡ್ಡೆ ಸುಲಿಯುತ್ತ ಕೂತಳು. ಕಮಟು ವಾಸನೆ ಬಂತು. ತಲೆಯೆತ್ತಿದರೆ ಹೊಗೆ ಸೂರಿನ ತನಕ ತುಂಬಿತ್ತು, ಗಾಜಿನ ಹಿಂದೆ ಕಿತ್ತಳೆ ಬಣ್ಣದ ಬೆಂಕಿ ಕುಣಿಯುತ್ತಿತ್ತು. ಹೆನ್ಯಾ ಒದ್ದೆ ಬಟ್ಟೆ ಸುತ್ತಿಕೊಂಡು ಹಿಡಿಕೆಯನ್ನು ಎರಡೂ ಕೈಯಲ್ಲಿ ಜಗ್ಗತೊಡಗಿದಳು.

ಅಷ್ಟರಲ್ಲಿ ಅತ್ತೆಯನ್ನು ನೋಡಲು ಬಂದ ಗೋಲ್ಡಿ ತನ್ನ ಕೂಸನ್ನು ಕಂಕುಳಲ್ಲಿ ಹೊತ್ತು ಬಾಗಿಲಲ್ಲಿ ನಿಂತಿದ್ದಳು.

"ಬಿಡಿ ಅತ್ತೆ! ತೆಗೀಬೇಡಿ!"

"ಉರೀತಿದೆ ಕಣೇ! ನೀರು ಹುಯ್ತೀನಿ, ಬಿಡು!"

"ತೆಗೆದ್ರೆ ಗಾಳಿ ಸಿಕ್ಕಿ ಬೆಂಕಿ ನಿಮ್ಮ ಮುಖಕ್ಕೇ ನುಗ್ಗುತ್ತೆ. ಅದು ಬೀಗ ಹಾಕ್ಕೊಂಡಿರೋದೇ ನೀವು ಬದುಕ್ಲಿ ಅಂತ!"

ಗೋಲ್ಡಿ ನಿಲ್ಲಿಸುವ ಗುಂಡಿ ಒತ್ತಿ, ಅತ್ತೆಯ ರಟ್ಟೆ ಹಿಡಿದು ಹೊರಗಿನ ಕಬ್ಬಿಣದ ಮೆಟ್ಟಿಲಿಗೆ ಎಳೆದುಕೊಂಡು ಬಂದಳು. ಅಗ್ನಿಶಾಮಕದವರಿಗೆ ಫೋನು ಮಾಡಿದಳು. ಕೂಸು ಕೆಮ್ಮುತ್ತಿತ್ತು. ಆ ಪುಟ್ಟ ಕೆಮ್ಮು ಕೇಳಿ ಹೆನ್ಯಾ ಅದರ ಬೆನ್ನು ಸವರತೊಡಗಿದಳು. ತಾನು ಹಿಮದಲ್ಲಿ ಮನೆಚಪ್ಪಲಿಯಲ್ಲೇ ನಿಂತಿದ್ದೇನೆಂಬುದೂ ಅವಳಿಗೆ ತಿಳಿಯಲಿಲ್ಲ.

ಕೆಂಪು ಗಾಡಿ ಬರುವಷ್ಟರಲ್ಲಿ ಉಸಿರು ಸಿಗದೆ ಬೆಂಕಿ ಒಳಗೇ ಸತ್ತುಹೋಗಿತ್ತು. ಕೂಸಿಗೇನೂ ಆಗಿರಲಿಲ್ಲ.

"ಮುಗೀತು. ಹಬ್ಬಕ್ಕೆ ನಿಮ್ಮನೆಗೇ ಬರ್ತೀನಿ" ಎಂದಳು ಹೆನ್ಯಾ. ಹಟವಿಲ್ಲದ ಆ ದನಿ ಅವಳದೇ ಎಂದು ನಂಬುವಂತಿರಲಿಲ್ಲ.

ಗೋಲ್ಡಿ ಅತ್ತೆಯ ಭುಜಕ್ಕೆ ಕೋಟು ಹೊದಿಸಿದಳು. "ನಾನು ಅರ್ಧ ಮಾತ್ರ ಹೇಳಿದ್ದೆ, ಅತ್ತೆ. ಇನ್ನರ್ಧ ಸೇರಿಸಿ ಮಾಡಿ ನೋಡೋಣ. ಆಮೇಲೆ ತೀರ್ಮಾನ."

ಮರುದಿನ ರಿಪೇರಿಯವನು ಬಂದು ಎಲ್ಲ ಸರಿಯಿದೆ ಎಂದ ಮೇಲೆ ಇಬ್ಬರೂ ಕೂತರು. ಸುಡದೆ ಉಳಿದ ಕೊಬ್ಬನ್ನು ಕಾಗದದಲ್ಲಿ ಬಳಿದು, ಒದ್ದೆ ಬಟ್ಟೆಯಲ್ಲಿ ಒರೆಸಿದರು. ಹೆನ್ಯಾ ಅಭ್ಯಾಸಬಲದಿಂದ ಶುಚಿಮಾಡುವ ಸ್ಪ್ರೇ ಡಬ್ಬಿಗೆ ಕೈ ಚಾಚಿದಳು.

"ಅದು ಬೇಡ! ಕಾದ್ರೆ ವಿಷದ ಹೊಗೆ."

"ಇದನ್ನೂ ಮುಟ್ಟಬಾರ್ದಾ? ಇದೇನು ಓವನ್ನೋ, ಹೊಸ ಅಳಿಯನೋ!"

ತಟ್ಟೆ, ಕಂಬಿ ಎಲ್ಲ ಹೊರಗೆ ಬಂದವು. ಕಿಟಕಿಯ ಪ್ಲಾಸ್ಟಿಕ್ ಕಿತ್ತು, ಬಾಗಿಲು ತೆರೆದು, ಫ್ಯಾನು ಹಾಕಿದರು. ಕೂಸು ಅಪ್ಪನ ಹತ್ತಿರ ಉಳಿಯಿತು. ಓವನ್ನು ಕಾಯುವಷ್ಟು ಹೊತ್ತೂ ಮನೆ ಬಿಟ್ಟು ಯಾರೂ ಕದಲಲಿಲ್ಲ. ಹೆನ್ಯಾ ಕೋಟು ಹಾಕಿಕೊಂಡು ಪಕ್ಕದ ಕೋಣೆಯಿಂದಲೇ ಇಣುಕಿ ಇಣುಕಿ ನೋಡುತ್ತಿದ್ದಳು. ಸಣ್ಣ ಸದ್ದಾದರೂ ಎದ್ದು ನಿಲ್ಲುತ್ತಿದ್ದಳು.

ಪೂರ್ತಿ ತಣ್ಣಗಾದ ಮೇಲೆ ಬೀಗ ತಾನಾಗಿ ಬಿಟ್ಟುಕೊಂಡಿತು. ಒಳಗೆ ಒಂದು ಹಿಡಿ ಬೂದಿ, ಅಷ್ಟೇ. ಹೆನ್ಯಾ ಬಟ್ಟೆಯಲ್ಲಿ ಒಮ್ಮೆ ಎಳೆದಳು. ಹೊಸ ಪಾತ್ರೆಯ ಹಾಗೆ ಹೊಳೆಯಿತು.

ಬೆಂಕಿ ಕಂಡಾಗಲೂ ಕುಸಿಯದವಳು ಈಗ ನೆಲದ ಮೇಲೆ ಕೂತುಬಿಟ್ಟಳು. "ಇಷ್ಟೇನಾ?" ಎಂದಳು. "ಇಷ್ಟೇನೇ ಗೋಲ್ಡಿ? ನಿನ್ನ ಮಾವ ಹಬ್ಬದ ರಾತ್ರಿ ಮೇಜಿನ ಮುಂದೆ ನಮ್ಮೋರು ಈಜಿಪ್ಟಿಂದ ಬಿಡುಗಡೆಯಾದ ಕತೆ ಓದೋರು. ನಾನು ಕೆರೆದು ಕೆರೆದು ಸುಸ್ತಾಗಿ ತೂಕಡಿಸ್ತಿದ್ದೆ. ಒಂದು ವರ್ಷವೂ ಅವರು ಓದಿದ್ದನ್ನ ಕೊನೇವರೆಗೆ ಕೇಳಿಲ್ಲ ಕಣೇ. ಒಂದು ವರ್ಷವೂ."

ಗೋಲ್ಡಿ ಪಕ್ಕದಲ್ಲಿ ಕೂತು, ಅತ್ತೆಯ ಕೈಯಿಂದ ಬಟ್ಟೆ ತೆಗೆದುಕೊಂಡಳು. "ಈ ವರ್ಷ ಕೇಳಿ."

"ಓದೋರೆಲ್ಲಿದ್ದಾರೆ?"

"ನಿಮ್ಮ ಮಗ ಓದ್ತಾರೆ."

"ಅವನಾ? ಕಾಗೆ ಕೂಗಿದ ಹಾಗಿರುತ್ತೆ." ಹೆನ್ಯಾ ಸೆರಗಿನಂತೆ ತಲೆವಸ್ತ್ರದ ತುದಿ ಹಿಡಿದು ಮೂಗು ಒರೆಸಿಕೊಂಡಳು. "ಇರ್ಲಿ. ಇಲ್ಲೇ ಬಂದು ಕೂಗ್ಲಿ ಅನ್ನು."