ಹದ್ದಣ್ಣನ ಹಠವೂ ಟಾರಿನ್ ಡಬ್ಬಿಯೂ

ಬಂದರಿನಲ್ಲಿ ಅವನನ್ನು ಎಲ್ಲರೂ ಹದ್ದಣ್ಣ ಎಂದೇ ಕರೆಯುತ್ತಿದ್ದರು. ದೊಡ್ಡ ಕ್ರೇನಿನ ತುದಿಯ ಗಾಜಿನ ಗೂಡಿನಲ್ಲಿ ಕುಳಿತು, ಹಡಗಿನ ಕಂಟೇನರುಗಳನ್ನು ಎತ್ತಿ, ತುಂಬಿದ ಹಾಲಿನ ಪಾತ್ರೆ ಇಳಿಸುವಷ್ಟು ನಾಜೂಕಾಗಿ ಲಾರಿಯ ಮೇಲಿಡುತ್ತಿದ್ದ. ಕೆಳಗಿಳಿದರೆ ಮಾತ್ರ ಯಾರಿಗೂ ಬಗ್ಗುವ ಆಸಾಮಿಯಲ್ಲ.

ಪಾಳಿ ಮುಗಿದರೆ ಎದುರಿನ ಬಾರಿನಲ್ಲಿ ಅವನ ಕುರ್ಚಿ ಅವನಿಗಾಗಿಯೇ ಕಾದಿರುತ್ತಿತ್ತು. ಆ ವರ್ಷದ ಆರೋಗ್ಯ ತಪಾಸಣೆಯಲ್ಲಿ ಡಾಕ್ಟರಮ್ಮ ಅವನ ತೋಳಿಗೆ ಪಟ್ಟಿ ಬಿಗಿದು, ಬಿಚ್ಚಿ, ಮತ್ತೆ ಬಿಗಿದು ನೋಡಿದರು. ರಕ್ತದೊತ್ತಡ ಏರಿ ಕುಳಿತಿದೆ, ಕುಡಿತವೇ ಮುಖ್ಯ ಕಾರಣ, ಅದು ಇಳಿಯುವ ತನಕ ಕ್ರೇನ್ ಹತ್ತುವಂತಿಲ್ಲ ಎಂದರು. ಹದ್ದಣ್ಣನನ್ನು ಗೇಟಿನಲ್ಲಿ ಲಾರಿಗಳ ನಂಬರು ನೋಡಲು ಕೂರಿಸಿದರು. ಅವನಿಗೆ ಮೈಯೆಲ್ಲ ಉರಿದುಹೋಯಿತು.

ಆಗ ದಾರಿ ತೋರಿಸಿದವನು ಅವನ ಅಕ್ಕನ ಮಗ, ವ್ಯಾಯಾಮಶಾಲೆಯೊಂದರ ತರಬೇತುದಾರ. ಮದ್ಯ ಕುಡಿಸಿ ಒತ್ತಡ ಏರಿಸಿದ ಇಲಿಗಳಿಗೆ ಟಾರಿನ್ ಎಂಬ ಪೋಷಕಾಂಶ ಕೊಟ್ಟಾಗ ಅದು ಇಳಿಯಿತಂತೆ ಎಂದು ಮಾತ್ರೆಯ ಡಬ್ಬಿಯೊಂದನ್ನು ತಂದುಕೊಟ್ಟ. ಹದ್ದಣ್ಣನ ಹಿಗ್ಗು ಹೇಳತೀರದು. ಅಂದಿನಿಂದ ಮಾತ್ರೆಯೂ ನಡೆಯಿತು, ಗ್ಲಾಸೂ ನಡೆಯಿತು.

ಬಟ್ಟೆ ಮಡಚುತ್ತಿದ್ದ ಹೆಂಡತಿ ತಲೆಯೆತ್ತಿ ಕೇಳಿದಳು: "ಇಲಿಗೆ ಪಾಪ ಯಾರೋ ಹಿಡಿದು ಕುಡಿಸಿದ್ರು. ನಿಮಗ್ಯಾರ್ರೀ ಹಿಡಿದು ಕುಡಿಸ್ತಿರೋದು?"

ಅವನು ಚಪ್ಪಲಿ ಮೆಟ್ಟಿ ಬಾರಿನತ್ತ ಹೊರಟ.

ಮರುತಪಾಸಣೆಯಲ್ಲಿ ಒತ್ತಡ ಇದ್ದಲ್ಲೇ ಇತ್ತು. ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ ಜಗಳಕ್ಕೇ ನಿಂತ. ಡಾಕ್ಟರಮ್ಮ ನಗಲಿಲ್ಲ. ಟಾರಿನ್ ಬಗ್ಗೆ ಸಂಶೋಧನೆ ನಡೆದಿರುವುದು ನಿಜ, ಆದರೆ ಇಲಿಗಳಲ್ಲಿ ಕಂಡದ್ದು ಕುಡಿಯುವ ಮನುಷ್ಯರಿಗೂ ಅನ್ವಯಿಸುತ್ತದೆಂದು ಖಚಿತವಾಗಿಲ್ಲ. ಕುಡಿಯುತ್ತಲೇ ಇದನ್ನು ನುಂಗುವುದು ತೂತು ಮುಚ್ಚದೆ ದೋಣಿಯ ನೀರು ಮೊಗೆದಂತೆ ಎಂದರು. ತಮ್ಮನ್ನು ಕೇಳದೆ ಇಂಥದ್ದನ್ನು ತೆಗೆದುಕೊಳ್ಳಬಾರದೆಂದು ಗದರಿದರು.

ಅವನು ನೆಟ್ಟಗೆ ಬಾರಿಗೆ ಹೋದ. ಹಿಂದೆಯೇ ಬಂದವನು ಹೆಂಡತಿಯ ತಮ್ಮ. ಕ್ರೇನಿನ ಬುಡದಲ್ಲಿ ನಿಂತು ಹದ್ದಣ್ಣನಿಗೆ ಕೈಸನ್ನೆ ಮಾಡುವ ಕೆಲಸ ಅವನದು. ಆ ಕೆಲಸದಲ್ಲೊಂದು ಕಟ್ಟುನಿಟ್ಟುಂಟು. ಎತ್ತು, ಇಳಿಸು ಎಂಬ ಸನ್ನೆಗಳನ್ನು ಅದಕ್ಕೆಂದು ನೇಮಿಸಿದ ಒಬ್ಬನೇ ಮಾಡಬೇಕು. 'ನಿಲ್ಲಿಸು' ಎಂಬುದನ್ನು ಮಾತ್ರ ಯಾರು ಮಾಡಿದರೂ ಕ್ರೇನಿನವನ ಕೈ ನಿಲ್ಲಲೇಬೇಕು. ಭಾವಮೈದುನ ಬಾಗಿಲಲ್ಲೇ ನಿಂತು ತೋಳು ಚಾಚಿ ಆ ಸನ್ನೆ ಮಾಡಿದ. ತುಟಿಯ ಬಳಿ ಬಂದಿದ್ದ ಗ್ಲಾಸು ತಾನಾಗಿ ನಿಂತಿತು.

"ಮೇಲೆ ನಿಮಗೆ ತಲೆ ತಿರುಗಿದ್ರೆ ಕೆಳಗಿರೋನು ನಾನು, ಭಾವ," ಎಂದ.

ಭಾವಮೈದುನನಿಗೆ ಬೆದರುವ ಹದ್ದನ್ನು ಇವತ್ತೇ ನೋಡಿದ್ದೆಂದು ಗೆಳೆಯರು ಮೇಜು ಬಡಿದು ನಕ್ಕರು. ಹದ್ದಣ್ಣ ಗ್ಲಾಸನ್ನು ಅವರತ್ತ ಸರಿಸಿ ಎದ್ದು ನಿಂತ.

"ನಗ್ರೋ, ಹೊಟ್ಟೆ ತುಂಬ ನಗ್ರಿ. ನನ್ನ ಜಾಗ ಮೇಲಿದೆ. ಇದಕ್ಕೋಸ್ಕರ ಗೇಟಲ್ಲಿ ಕೂತು ಕೊಳೆಯೋ ಮಗ ನಾನಲ್ಲ."

ಡಾಕ್ಟರಮ್ಮ ಹೇಳಿದ ಕ್ರಮದಲ್ಲೇ, ಅವರು ಕೊಟ್ಟ ಔಷಧಿಯೊಂದಿಗೆ ಕುಡಿತ ಬಿಟ್ಟ. ಕೈ ನಡುಗಿದ ದಿನಗಳಿದ್ದವು, ಮನೆಯವರ ಮೇಲೆ ಹರಿಹಾಯ್ದ ದಿನಗಳೂ ಇದ್ದವು. ಸುತ್ತುದಾರಿಯಲ್ಲಿ ಮನೆಗೆ ಬನ್ನಿ ಎಂದು ಹೆಂಡತಿ ಬೇಡಿಕೊಂಡಳು. ಅವನು ಕೇಳಲಿಲ್ಲ, ಎದೆಯೆತ್ತಿ ಬಾರಿನ ಬಾಗಿಲ ಮುಂದೆಯೇ ನಡೆದು ಬರುತ್ತಿದ್ದ.

ಒತ್ತಡ ಹತೋಟಿಗೆ ಬಂದು ಅನುಮತಿ ಸಿಕ್ಕ ಬೆಳಗ್ಗೆ, ಮೊದಲ ದಿನವಲ್ಲವೇ, ಲಿಫ್ಟಿನಲ್ಲಿ ಹೋಗು ಎಂದು ಮೇಸ್ತ್ರಿ ಬುದ್ಧಿ ಹೇಳಿದ. ಹದ್ದಣ್ಣ ಏಣಿಯನ್ನೇ ಹಿಡಿದ. ನಡುವೆ ಒಮ್ಮೆ ನಿಂತು ಉಸಿರೆಳೆದುಕೊಂಡ, ಕೆಳಗೆ ನೋಡದೆ ಮತ್ತೆ ಹತ್ತಿದ.